ಚಳಿಗೆ ನಡುಗುವ ಎಂಜಿನ್ ಮತ್ತು ‘ದೋಷ ಕಂಡುಬಂದಿಲ್ಲ’ ಎನ್ನುವ ಜಾಬ್ ಕಾರ್ಡ್: ಒಂದು ದೂರು

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕರ ದೂರು ವಿಭಾಗ,
ಕಾರು ತಯಾರಿಕಾ ಕಂಪನಿ, ಬೆಂಗಳೂರು

ಪ್ರತಿ: ಸರ್ವಿಸ್ ಮ್ಯಾನೇಜರ್, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್, ದಾವಣಗೆರೆ

ಇವರಿಂದ:
ಕೆಎ-16 ನೋಂದಣಿಯ ಪೆಟ್ರೋಲ್ ಕಾರಿನ ಮಾಲೀಕ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ವಿಷಯ: ತಣ್ಣಗಿರುವ ಎಂಜಿನ್ನನ್ನು ಒಮ್ಮೆಯೂ ಪರೀಕ್ಷಿಸದೆ ಹಣ ವಸೂಲಿ ಮಾಡಿದ್ದು, ವಾರಂಟಿಯಲ್ಲಿ ದುರಸ್ತಿ ಮತ್ತು ಹಣ ವಾಪಸಾತಿ ಕೋರಿ.

ಮಾನ್ಯರೇ,

ನನ್ನ ಕಾರಿನ ವಿಸ್ತರಿತ ವಾರಂಟಿ ಬರುವ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅದಕ್ಕೂ ಮೊದಲು ಈ ಪತ್ರ ನಿಮ್ಮ ಕೈ ಸೇರಲಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದೇನೆ.

ಚಳಿ ಶುರುವಾದಾಗಿನಿಂದ, ಬೆಳಿಗ್ಗೆ ಮೊದಲ ಬಾರಿಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನೆಟ್ಟಗೆ ಓಡುವುದಿಲ್ಲ. ತಣ್ಣಗಿರುವ ಪೆಟ್ರೋಲ್ ಎಂಜಿನ್ ಮೊದಲು 1,200 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ಆಸುಪಾಸಿನಲ್ಲಿ ಓಡಿ, ಕಾದಂತೆಲ್ಲ ನಿಧಾನಕ್ಕೆ 750ರ ಸುಮಾರಿಗೆ ಇಳಿಯಬೇಕು. ಹಿಂದಿನ ಚಳಿಗಾಲದಲ್ಲಿ ಈ ಕಾರೂ ಹಾಗೆಯೇ ಓಡುತ್ತಿತ್ತು. ಈಗ ಸೂಜಿ 600ಕ್ಕೆ ಕುಸಿಯುತ್ತದೆ, ಏಳುತ್ತದೆ, ಮತ್ತೆ ಕುಸಿಯುತ್ತದೆ. ಸ್ಟೀರಿಂಗ್ ನಡುಗುತ್ತದೆ, ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿ ಗಾಜಿಗೆ ತಾಗಿ ಕಟಕಟ ಸದ್ದು ಮಾಡುತ್ತಾನೆ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಆಫ್ ಆಗುವುದೂ ಉಂಟು. ನಾಲ್ಕೈದು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತದೆ. ಮರುದಿನ ಬೆಳಗಿನವರೆಗೆ ಈ ಕಾರಿಗೆ ಯಾವ ಕಾಯಿಲೆಯೂ ಇಲ್ಲ.

ಈ ಕೊನೆಯ ಮಾತನ್ನೇ ನಿಮ್ಮ ಸರ್ವಿಸ್ ಸೆಂಟರಿನವರು ಅರ್ಥ ಮಾಡಿಕೊಳ್ಳಲು ಒಪ್ಪಲಿಲ್ಲ. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಭರಮಸಾಗರ ಮುಟ್ಟುವ ಮೊದಲೇ ಎಂಜಿನ್ ಪೂರ್ತಿ ಕಾದಿರುತ್ತದೆ. ಹತ್ತು ಗಂಟೆಗೆ ಗೇಟಿನೊಳಗೆ ಬಂದ ಆ ಬಿಸಿ ಕಾರನ್ನು ನಿಮ್ಮವರು ಸ್ಟಾರ್ಟ್ ಮಾಡಿ ನೋಡುತ್ತಾರೆ, ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಹಾಕುತ್ತಾರೆ, ದುರಸ್ತಿಯ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆಯುತ್ತಾರೆ. ರಾತ್ರಿ ಕಾರನ್ನು ನಿಮ್ಮಲ್ಲೇ ಬಿಡುತ್ತೇನೆ, ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡಿ ನೋಡಿ ಎಂದು ಬೇಡಿಕೊಂಡೆ. ರಾತ್ರಿ ವಾಹನ ನಿಲ್ಲಿಸಿಕೊಳ್ಳಲು ಅನುಮತಿಯಿಲ್ಲ ಎಂಬ ಉತ್ತರ ಬಂತು. ಬಂಪರ್ ಕೆಲಸಕ್ಕೆ ಬಂದ ವಾಹನಗಳು ಅದೇ ಅಂಗಳದಲ್ಲಿ ವಾರಗಟ್ಟಲೆ ನಿಂತಿರುವುದನ್ನು ನಾನೇ ಕಂಡಿದ್ದೇನೆ.

ದೋಷವೇ ಕಾಣದ ಮೇಲೆ ಬಿಲ್ಲು ಹೇಗೆ ಬಂತು ಎಂಬುದು ನನ್ನ ಮುಂದಿನ ಪ್ರಶ್ನೆ. ಮೊದಲು ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಕೊಡುವ ಥ್ರಾಟಲ್ ಬಾಡಿ ಮತ್ತು ಇಂಜೆಕ್ಟರ್ ‘ಕಾರ್ಬನ್ ಕ್ಲೀನಿಂಗ್’. ನೆಗಡಿಗೂ ಮಂಡಿನೋವಿಗೂ ಒಂದೇ ಕಷಾಯ ಕುಡಿಸಿದ ಹಾಗೆ, ಅಲ್ಲಿಗೆ ಬಂದ ಯಾವ ಕಾರಿಗೂ ಇದು ತಪ್ಪುವಂತೆ ಕಾಣಲಿಲ್ಲ. ನಡುಕ ನಿಲ್ಲಲಿಲ್ಲ. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ನಿಮ್ಮದೇ ಕೈಪಿಡಿಯ ಪ್ರಕಾರ ಅವುಗಳ ಗಡುವು ಇನ್ನೂ ಬಂದಿರಲಿಲ್ಲ. ಹಳೆಯ ಪ್ಲಗ್ ಕೊಡಿ ಎಂದರೆ ಗುಜರಿಗೆ ಹೋಯಿತು ಎಂದರು. ಕೊನೆಗೆ ಸರ್ವಿಸ್ ಅಡ್ವೈಸರ್ ಹೇಳಿದ್ದು: ‘ಎಲ್ಲಾ ಎಥೆನಾಲ್ ಪೆಟ್ರೋಲಿನ ಮಹಿಮೆ ಸರ್, ನಾವೇನು ಮಾಡಲಾಗುತ್ತದೆ?’ ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು, ಚಳಿಯಲ್ಲಿ ಅದರಿಂದ ಸ್ವಲ್ಪ ತೊಂದರೆಯಾಗಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ಬೀದಿಯಲ್ಲೇ ಇದೇ ಮಾದರಿಯ ಇನ್ನೊಂದು ಕಾರಿದೆ. ಅದೇ ಬಂಕಿನ ಇ-20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಕುಡಿದು, ರಾತ್ರಿಯೆಲ್ಲ ಬಯಲಲ್ಲಿ ನಿಂತು, ಬೆಳಿಗ್ಗೆ ಸದ್ದಿಲ್ಲದೆ ಓಡುತ್ತದೆ. ಚಿತ್ರದುರ್ಗದ ಚಳಿ ಹಿಮ ಬೀಳುವ ಚಳಿಯೂ ಅಲ್ಲ.

ಬೇಸತ್ತು ಮೆದೇಹಳ್ಳಿ ರಸ್ತೆಯ ಕಾರು ಮೇಸ್ತ್ರಿಯೊಬ್ಬರನ್ನು ಬೆಳಿಗ್ಗೆ ಆರೂವರೆಗೆ ಮನೆಗೇ ಕರೆಸಿದೆ. ಅವರು ಮಾಡಿದ ಮೊದಲ ಕೆಲಸವೆಂದರೆ ಎಂಜಿನ್ ಸ್ಟಾರ್ಟ್ ಮಾಡದಿರುವುದು. ಕೀಲಿಯನ್ನು ಆನ್ ಮಾಡಿ, ಸ್ಕ್ಯಾನರ್ ಜೋಡಿಸಿ, ಎರಡು ಅಂಕಿಗಳನ್ನು ತೋರಿಸಿದರು. ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣಾಂಶ 16 ಡಿಗ್ರಿ. ಎಂಜಿನ್ನನ್ನು ತಣ್ಣಗಿಡುವ ದ್ರವದ, ಅಂದರೆ ಕೂಲೆಂಟಿನ, ಉಷ್ಣಾಂಶ 41 ಡಿಗ್ರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಎಂಜಿನ್ ಆಗಲೇ ಕಾದಿದೆ ಎಂದು ನಂಬಿದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಚಳಿಗೆ ಬೇಕಾದ ಹೆಚ್ಚುವರಿ ಪೆಟ್ರೋಲನ್ನೂ ಕೊಡುವುದಿಲ್ಲ, ಆರ್‌ಪಿಎಂ ಅನ್ನೂ ಏರಿಸುವುದಿಲ್ಲ. ನಡುಗದೆ ಇನ್ನೇನು ಮಾಡೀತು?

ಅವರು ಅಷ್ಟಕ್ಕೇ ಬಿಡಲಿಲ್ಲ. ಕೂಲೆಂಟ್ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಸೆನ್ಸರನ್ನು ಮಾತ್ರ ಮಲ್ಟಿಮೀಟರಿನಲ್ಲಿ ಅಳೆದರು. ತಣ್ಣಗಿರುವ ಸೆನ್ಸರಿಗೆ ತಕ್ಕ ವಿದ್ಯುತ್ ರೋಧವೇ ಬಂತು, ಸುಮಾರು 3 ಕಿಲೋ ಓಮ್. ಅಂದರೆ ಸೆನ್ಸರ್ ಸರಿಯಿದೆ. ಬಿಚ್ಚಿದ ಕನೆಕ್ಟರನ್ನು ಟಾರ್ಚ್ ಬೆಳಕಿಗೆ ಹಿಡಿದಾಗ ಒಳಗಿನ ಎರಡು ಪಿನ್ನುಗಳ ನಡುವೆ ಹಸಿರು ಕಿಲುಬು ಹರಡಿತ್ತು, ಬೆರಳಿಗೆ ತೇವ ಅಂಟಿತು. ಆ ಕಿಲುಬಿನ ಮೂಲಕ ವಿದ್ಯುತ್ ಅಡ್ಡದಾರಿ ಹಿಡಿದಾಗ ಒಟ್ಟು ರೋಧ ಕುಗ್ಗುತ್ತದೆ, ಕುಗ್ಗಿದ ರೋಧವನ್ನು ಇಸಿಯು ಬಿಸಿ ಎಂದು ಓದುತ್ತದೆ. ಎಂಜಿನ್ ನಿಜವಾಗಿ ಕಾದ ಮೇಲೆ ಸೆನ್ಸರಿನ ರೋಧವೇ ಕೆಲವು ನೂರು ಓಮಿಗೆ ಇಳಿಯುವುದರಿಂದ ಈ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಹತ್ತು ಗಂಟೆಗೆ ನಿಮ್ಮವರಿಗೆ ಏನೂ ಕಾಣದಿದ್ದುದೂ, ಎಚ್ಚರಿಕೆಯ ದೀಪ ಉರಿಯದಿದ್ದುದೂ ಇದೇ ಕಾರಣಕ್ಕೆ: 41 ಡಿಗ್ರಿ ಎಂಬುದು ಇಸಿಯು ನಂಬದಿರುವಂಥ ಅಂಕಿಯಲ್ಲ. ‘ವಾರಂಟಿ ಇರುವ ಗಾಡಿ, ನಾನು ಕೆರೆದು ಸ್ವಚ್ಛ ಮಾಡಿದರೆ ಅದನ್ನೇ ನೆಪ ಮಾಡುತ್ತಾರೆ’ ಎಂದು ಮೇಸ್ತ್ರಿ ಫೋಟೊ ತೆಗೆಸಿ, ಇದ್ದ ಹಾಗೆಯೇ ಜೋಡಿಸಿ ಹೋದರು.

ಆ ಜಾಗಕ್ಕೆ ನೀರು ಹೇಗೆ ಬಂತು? ದೀಪಾವಳಿಗೆ ಮುನ್ನ ನಿಮ್ಮಲ್ಲಿ ಮಾಡಿಸಿದ ಸರ್ವಿಸಿನ ಬಿಲ್ಲಿನಲ್ಲಿ ‘ಎಂಜಿನ್ ವಾಶ್’ ಎಂದು ಪ್ರತ್ಯೇಕ ಸಾಲಿದೆ. ನಾನು ಅದನ್ನು ಕೇಳಿರಲಿಲ್ಲ. ಒತ್ತಡದ ನೀರಿನಿಂದಲೇ ಹೀಗಾಯಿತು ಎಂದು ಆಣೆ ಇಟ್ಟು ಹೇಳಲಾರೆ. ಅದಕ್ಕೂ ಮೊದಲು ಈ ತೊಂದರೆ ಇರಲಿಲ್ಲ ಎಂಬುದಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಹೀಗಾಗಿ ನನ್ನ ಬೇಡಿಕೆ ಇಷ್ಟು. ಕಾರನ್ನು ಒಂದು ರಾತ್ರಿ ನಿಮ್ಮಲ್ಲಿ ನಿಲ್ಲಿಸಿಕೊಂಡು, ಅಥವಾ ನಿಮ್ಮ ತಂತ್ರಜ್ಞರನ್ನು ಬೆಳಿಗ್ಗೆ ಏಳರೊಳಗೆ ನಮ್ಮ ಮನೆಗೆ ಕಳುಹಿಸಿ, ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನರ್ ಜೋಡಿಸಿ, ಆ ಎರಡು ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಬೇಕು. ಕನೆಕ್ಟರ್ ಮತ್ತು ಅದರ ವೈರನ್ನು, ಅಗತ್ಯವಿದ್ದರೆ ಸೆನ್ಸರನ್ನೂ, ವಾರಂಟಿಯಲ್ಲಿ ಬದಲಾಯಿಸಬೇಕು. ಕಾರ್ಬನ್ ಕ್ಲೀನಿಂಗ್ ಮತ್ತು ಸ್ಪಾರ್ಕ್ ಪ್ಲಗ್ಗಿಗೆ ಪಡೆದ ಹಣವನ್ನು ಹಿಂದಿರುಗಿಸಬೇಕು. ಮುಂದಿನ ಸರ್ವಿಸಿನ ರಿಯಾಯಿತಿ ಕೂಪನ್ ನನಗೆ ಬೇಡ, ದಯವಿಟ್ಟು ಕಳುಹಿಸಬೇಡಿ.

ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ವಿಚಾರಣೆಗೆ ಚಿತ್ರದುರ್ಗಕ್ಕೆ ಬರಬೇಕಾದವರು ನಿಮ್ಮವರು. ಬಿಲ್ಲುಗಳು, ಜಾಬ್ ಕಾರ್ಡುಗಳು, ಸ್ಕ್ಯಾನರ್ ಪರದೆಯ ಮತ್ತು ಕನೆಕ್ಟರಿನ ಫೋಟೊಗಳನ್ನು ಲಗತ್ತಿಸಿದ್ದೇನೆ. ಮೂಲ ಪ್ರತಿಗಳು ನನ್ನಲ್ಲಿವೆ.

ಇಂತಿ,
(ಸಹಿ)
ವಾಹನ ಮಾಲೀಕ, ಚಿತ್ರದುರ್ಗ