ತೂಕ ತಪ್ಪಿದ ಬಟ್ಟಲು: ಹಣ ಹಿಂತಿರುಗಿಸುವಂತೆ ಕೋರಿ ದೂರು

ಚಿಕ್ಕಬಳ್ಳಾಪುರ
20-01-2025

ಗೆ,
ಕುಂದುಕೊರತೆ ಅಧಿಕಾರಿಗಳು,
ಚಾರಣ ಸಾಮಗ್ರಿ ಮಾರಾಟ ಸಂಸ್ಥೆ

ವಿಷಯ: ನಿಮ್ಮಿಂದ ಖರೀದಿಸಿದ ಮಡಚುವ ಸಿಲಿಕೋನ್ ಬಟ್ಟಲಿನ ತೂಕ, ಅಳತೆ ಮತ್ತು ಗುಣಮಟ್ಟ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿರುವ ಬಗ್ಗೆ.

ಮಾನ್ಯರೇ,

ಕಳೆದ ಡಿಸೆಂಬರ್ ಕೊನೆಯ ವಾರದಲ್ಲಿ ನಿಮ್ಮ ಜಾಲತಾಣದ ಮೂಲಕ ಒಂದು ಮಡಚುವ ಸಿಲಿಕೋನ್ ಬಟ್ಟಲನ್ನು ತರಿಸಿಕೊಂಡೆ. ಬಟ್ಟಲಿಗೆ 899 ರೂಪಾಯಿ, ಸಾಗಣೆಗೆ 80 ರೂಪಾಯಿ ಕೊಟ್ಟಿದ್ದೇನೆ. ತೂಕ 85 ಗ್ರಾಂ, ಹಿಡಿಯುವ ಪ್ರಮಾಣ 800 ಮಿಲಿಲೀಟರ್, 220 ಡಿಗ್ರಿಯವರೆಗೆ ಬಿಸಿ ತಾಳುತ್ತದೆ ಎಂದು ಅದರ ಮಾರಾಟದ ಪುಟದಲ್ಲಿ ನೀವೇ ಬರೆದಿದ್ದೀರಿ. ಈ ಮೂರರಲ್ಲಿ ಒಂದೂ ನನ್ನ ಕೈಗೆ ಬಂದ ಬಟ್ಟಲಿಗೆ ಹೊಂದುವುದಿಲ್ಲ. ನಿಮ್ಮ ಗ್ರಾಹಕ ಸೇವಾ ವಿಭಾಗಕ್ಕೆ ಬರೆದೆ. ಅಲ್ಲಿಂದ ಬಂದ ಉತ್ತರಗಳು ಬಟ್ಟಲಿಗಿಂತ ಚೆನ್ನಾಗಿ ಮಡಚಿಕೊಳ್ಳುತ್ತವೆ. ಆದ್ದರಿಂದ ಈಗ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಮೊದಲು ತೂಕದ ವಿಚಾರ. ಬಟ್ಟಲನ್ನು ನಮ್ಮ ಬೀದಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ 131 ಗ್ರಾಂ ತೋರಿಸಿತು. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದರಿಂದ ಪ್ರಯೋಗಾಲಯದ ತಕ್ಕಡಿಯಲ್ಲಿಯೂ ತೂಗಿ ನೋಡಿದೆ; ಅಂಗಡಿಯವರ ತಕ್ಕಡಿ ಪ್ರಾಮಾಣಿಕವಾಗಿತ್ತು. ಇದನ್ನು ತಿಳಿಸಿದಾಗ ನಿಮ್ಮ ಸಿಬ್ಬಂದಿ ಕೊಟ್ಟ ಉತ್ತರ: 85 ಗ್ರಾಂ ಎಂಬುದು ಸಿಲಿಕೋನ್ ಭಾಗದ ತೂಕ ಮಾತ್ರ, ಅಂಚಿನ ಪ್ಲಾಸ್ಟಿಕ್ ಬಳೆ ಮತ್ತು ಮುಚ್ಚಳ ಅದರಲ್ಲಿ ಸೇರಿಲ್ಲ. ಬಳೆಯನ್ನು ಬಟ್ಟಲಿನಿಂದ ಬೇರ್ಪಡಿಸಲು ಬರುವುದಿಲ್ಲ, ಅದು ಅಂಚಿನೊಳಗೇ ಕೂತಿದೆ. ಕೈಯಿಂದ ಬಿಡಿಸಲಾಗದ ಬಳೆಯನ್ನು ನೀವು ಲೆಕ್ಕದಿಂದ ಮಾತ್ರ ಸಲೀಸಾಗಿ ಬಿಡಿಸಿದ್ದೀರಿ.

ಅಳತೆಯ ಕಥೆ ಇನ್ನೂ ಸ್ವಾರಸ್ಯಕರ. ಅಳತೆ ಲೋಟದಿಂದ ನೀರು ಸುರಿದರೆ ಬಟ್ಟಲು ಕಂಠಮಟ್ಟ ತುಂಬುವುದು 640 ಮಿಲಿಲೀಟರಿಗೆ. 800 ಎಲ್ಲಿಂದ ಬಂತು ಎಂದು ಕೇಳಿದೆ. ಉಬ್ಬಿದ ಮುಚ್ಚಳದ ಒಳಗಿನ ಜಾಗವನ್ನೂ ಸೇರಿಸಿ ಹೇಳಿದ ಪ್ರಮಾಣವದು ಎಂಬ ಉತ್ತರ ಬಂತು. ಅಂದರೆ ತೂಗುವಾಗ ಮುಚ್ಚಳ ಬಟ್ಟಲಿಗೆ ಸೇರಿದ್ದಲ್ಲ, ಅಳೆಯುವಾಗ ಮಾತ್ರ ಸೇರಿದ್ದು. ಈ ಎರಡೂ ಉತ್ತರಗಳನ್ನು ಒಬ್ಬರೇ ಪ್ರತಿನಿಧಿ, ಒಂದೇ ಸಂಜೆ, ಕಳಿಸಿದ್ದಾರೆ. ಪ್ರತಿಗಳನ್ನು ಲಗತ್ತಿಸಿದ್ದೇನೆ, ದಯವಿಟ್ಟು ಒಟ್ಟಿಗೆ ಇಟ್ಟು ಓದಿ.

ನಲವತ್ತಾರು ಗ್ರಾಂ ಹೆಚ್ಚಾದರೆ ಏನು ಮುಳುಗಿಹೋಯಿತು ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಇರುವ ಸ್ಟೀಲ್ ಬಟ್ಟಲು 140 ಗ್ರಾಂ ತೂಗುತ್ತದೆ. ಪಾತ್ರೆ ಅಂಗಡಿಯಲ್ಲಿ ಅದಕ್ಕೆ ನೂರು ರೂಪಾಯಿಯೂ ಆಗಿರಲಿಲ್ಲ. ಬಿದ್ದರೆ ತಗ್ಗು ಬೀಳುತ್ತದೆಯೇ ಹೊರತು ಒಡೆಯುವುದಿಲ್ಲ. ಒಲೆಯ ಮೇಲೂ ಇಡಬಹುದು, ಬೂದಿ ಹಾಕಿ ತಿಕ್ಕಲೂಬಹುದು. ಅದನ್ನು ಬಿಟ್ಟು ನಿಮ್ಮದನ್ನು ಕೊಂಡದ್ದು ಹಗುರ ಎಂಬ ಒಂದೇ ಕಾರಣಕ್ಕೆ. ಹಾಗಾದರೆ ನಾನು 899 ರೂಪಾಯಿ ಕೊಟ್ಟು ಬೆನ್ನುಚೀಲದಿಂದ ಇಳಿಸಿದ ಭಾರ ಒಂಬತ್ತು ಗ್ರಾಂ.

ನೋಡದೆ ಮಾಡದೆ ಕೊಂಡ ಗ್ರಾಹಕ ನಾನಲ್ಲ ಎಂಬುದನ್ನೂ ಹೇಳಬೇಕು. ಮೇ ತಿಂಗಳಲ್ಲಿ ಉತ್ತರಾಖಂಡದ ಚಾರಣಕ್ಕೆ ಹೊರಟಿರುವ ನಮ್ಮ ಗುಂಪಿನಲ್ಲಿ ಅವರವರ ಊಟದ ಪಾತ್ರೆಯನ್ನು ಅವರವರೇ ಹೊರಬೇಕು. ಅಲ್ಯೂಮಿನಿಯಂ ಹಗುರವಾದರೂ ಬಿಸಿಯನ್ನು ಬಲುಬೇಗ ಸಾಗಿಸುತ್ತದೆ. ಬಿಸಿ ಸಾರು ಹಾಕಿದರೆ ತುಟಿಗೆ ಇಡಲಾಗದು. ಮೇಲಾಗಿ ಆನೊಡೈಸ್ ಮಾಡದ, ಅಂದರೆ ಮೇಲ್ಮೈಗೆ ಗಟ್ಟಿ ರಕ್ಷಣಾ ಪದರ ಕೊಡದ, ಅಲ್ಯೂಮಿನಿಯಂಗೂ ಹುಣಸೆಹುಳಿಗೂ ಆಗಿಬರುವುದಿಲ್ಲ, ಹುಣಸೆಹುಳಿ ಇಲ್ಲದ ಸಾರು ನಮ್ಮ ಕಡೆ ಅಪರೂಪ. ಸ್ಟೀಲಿನ ಸಾಂದ್ರತೆ ನೀರಿನ ಸುಮಾರು ಎಂಟರಷ್ಟು. ಟೈಟಾನಿಯಂನದು ನಾಲ್ಕೂವರೆಯಷ್ಟೇ, ಆದರೆ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ. ಸಿಲಿಕೋನ್ ಬಿಸಿಯನ್ನು ಅಷ್ಟಾಗಿ ಸಾಗಿಸುವುದಿಲ್ಲ, ಮಡಚಿದರೆ ಚೀಲದಲ್ಲಿ ಜಾಗವೂ ಉಳಿಯುತ್ತದೆ. ಹೀಗೆಲ್ಲ ತೂಗಿ ನೋಡಿಯೇ ನಿಮ್ಮ ಬಟ್ಟಲಿಗೆ ಬಂದೆ.

ಕೈ ಸುಡುವುದಿಲ್ಲ ಎಂಬ ಮಾತು ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಬಟ್ಟಲು ಕೈಯಲ್ಲಿ ನಿಲ್ಲುವುದಿಲ್ಲ. ಸಂಕ್ರಾಂತಿಯ ಹಿಂದಿನ ಭಾನುವಾರ ಸ್ಕಂದಗಿರಿ ಇಳಿದು ಬಂದು ಕಳವಾರದ ಬಳಿ ಸ್ನೇಹಿತರ ತೋಟದಲ್ಲಿ ಅಡುಗೆ ಮಾಡಿಕೊಂಡೆವು. ಕಾಡಿನೊಳಗೆ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ನಮ್ಮ ಒಲೆ ಯಾವಾಗಲೂ ಕೆಳಗೇ. ಅವರೆಕಾಯಿಯ ಕಾಲ, ಹಿತಕಿದ ಬೇಳೆ ಸಾರು, ರಾಗಿ ಮುದ್ದೆ. ಸಾರು ಬಡಿಸಿಕೊಂಡು ಬಟ್ಟಲಿನ ಅಂಚನ್ನು ಒಂದು ಕೈಯಲ್ಲಿ ಹಿಡಿದು ಎತ್ತಿದ ಕೂಡಲೇ ಎದುರಿನ ಗೋಡೆ ನೆರಿಗೆಯ ಸಾಲಿನಲ್ಲಿ ಕುಸಿದು, ಸಾರು ಮಣಿಕಟ್ಟಿನ ಮೇಲೆ ಹರಿಯಿತು. ಬೊಬ್ಬೆ ಏಳಲಿಲ್ಲ, ಎರಡು ದಿನ ಉರಿಯಿತು ಅಷ್ಟೆ. ಪಕ್ಕದಲ್ಲಿ ಕುಳಿತಿದ್ದ ಸ್ನೇಹಿತರ ಮಗುವಿನ ಮೇಲೆ ಬಿದ್ದಿದ್ದರೆ ಈ ಪತ್ರದ ಧಾಟಿಯೇ ಬೇರೆಯಾಗಿರುತ್ತಿತ್ತು.

ಉಳಿದ ಸಾರಿನಲ್ಲಿ ಮುದ್ದೆ ಉಣ್ಣುವುದೂ ಸುಲಭವಾಗಲಿಲ್ಲ. ಮುದ್ದೆಯನ್ನು ಬೆರಳಿನಿಂದ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕಾದರೆ ಪಾತ್ರೆ ಕೈಯ ಒತ್ತಡಕ್ಕೆ ಎದುರು ನಿಲ್ಲಬೇಕು. ನಿಮ್ಮ ಬಟ್ಟಲು ಒತ್ತಿದ ಕಡೆ ಒಳಗೆ ಹೋಗುತ್ತದೆ, ಬಿಟ್ಟ ಕೂಡಲೇ ಚಿಮ್ಮುತ್ತದೆ. ಊಟ ಮುಗಿದ ಮೇಲೆ ನೆರಿಗೆಗಳ ಸಂದಿಯಲ್ಲಿ ಸೇರಿಕೊಂಡ ರಾಗಿಯನ್ನು ತೆಗೆಯುವ ಕೆಲಸ. ಒಣಗಿದ ರಾಗಿ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ನಿಮ್ಮ ವಿನ್ಯಾಸಕಾರರಿಗೆ ತಿಳಿದಿರಲಾರದು. ಒಂದು ಚೊಂಬು ನೀರಿನಲ್ಲಿ ತೊಳೆದು ಮುಗಿಸಬೇಕಾದ ಪಾತ್ರೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಬೇಕಾಯಿತು. ಸಾರಿನ ಒಗ್ಗರಣೆಯ ವಾಸನೆ ಈಗಲೂ ಹೋಗಿಲ್ಲ. ಇಷ್ಟಕ್ಕೂ ನಿಮ್ಮ ಪ್ರತಿನಿಧಿಯ ಸಲಹೆ, ಒಣ ಆಹಾರಕ್ಕೆ ಮಾತ್ರ ಬಳಸಿ ಎಂಬುದು. ಪುಟದಲ್ಲಿ ನೀವು ಹಾಕಿರುವ ಚಿತ್ರದಲ್ಲಿ ಹಬೆಯಾಡುವ ಸೂಪ್ ಇದೆ. ಕಡಲೆಪುರಿ ತಿನ್ನಲು ನನಗೆ ಬಟ್ಟಲು ಬೇಕಿಲ್ಲ, ಕಾಗದದ ಪೊಟ್ಟಣ ಸಾಕು.

ಇನ್ನು ಆ ಬಳೆ. ಅದೇ ಊಟದ ನಂತರ ಅದು ಸೊಟ್ಟಗಾಗಿದೆ, ಮುಚ್ಚಳ ಈಗ ಕೂರುವುದಿಲ್ಲ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಒಲೆಯಿಂದ ಇಳಿಸಿ ಬಡಿಸಿದ ಸಾರಿನ ಬಿಸಿ ಅದಕ್ಕಿಂತಲೂ ಕಡಿಮೆ. ಊಟದ ಡಬ್ಬಿಗಳಿಗೆ ಸಾಮಾನ್ಯವಾಗಿ ಬಳಸುವ ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿಯ ಆಸುಪಾಸಿನಲ್ಲಿ. ಆ ಪ್ಲಾಸ್ಟಿಕ್ ಆಗಿದ್ದರೆ ಬಳೆ ಹೀಗೆ ತಿರುಚಿಕೊಳ್ಳಬಾರದಿತ್ತು. ಬಳೆಯ ಮೇಲಾಗಲಿ ಮುಚ್ಚಳದ ಮೇಲಾಗಲಿ ಪ್ಲಾಸ್ಟಿಕ್ಕಿನ ಬಗೆ ತಿಳಿಸುವ ತ್ರಿಕೋನದೊಳಗಿನ ಅಂಕಿ ಇಲ್ಲ. ಪಾಲಿಪ್ರೊಪಿಲೀನ್ ಆಗಿದ್ದರೆ 5 ಇರಬೇಕಿತ್ತು. ಪೆಟ್ಟಿಗೆಯ ಮೇಲೆ ತಯಾರಕರ ಹೆಸರಿಲ್ಲ, ಆಮದುದಾರರ ವಿಳಾಸವಿಲ್ಲ, ಯಾವ ದೇಶದಲ್ಲಿ ತಯಾರಾಯಿತು ಎಂಬುದೂ ಇಲ್ಲ. ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳು ಈ ವಿವರಗಳನ್ನು ಕಡ್ಡಾಯ ಮಾಡಿವೆ. 220 ಡಿಗ್ರಿಯ ಬಗ್ಗೆ ಕೇಳಿದರೆ ಮತ್ತೆ ಅದೇ ಉತ್ತರ: ಅದು ಸಿಲಿಕೋನ್ ಭಾಗಕ್ಕೆ ಮಾತ್ರ. ನಾನು ಉಣ್ಣುವುದು ಇಡೀ ಬಟ್ಟಲಿನಲ್ಲಿ, ಹಣ ಕೊಟ್ಟಿರುವುದೂ ಇಡೀ ಬಟ್ಟಲಿಗೆ.

ಹಣ ವಾಪಸ್ ಕೇಳಿದ್ದಕ್ಕೆ ನಿಮ್ಮವರು ಇನ್ನೂ 1,600 ರೂಪಾಯಿ ಸೇರಿಸಿದರೆ ಟೈಟಾನಿಯಂ ಬಟ್ಟಲು ಕೊಡುತ್ತೇವೆ ಎಂದರು. ಒಂದೇ ಪದರದ ಟೈಟಾನಿಯಂ ಅಷ್ಟು ತೆಳುವಾಗಿರುವಾಗ ಬಿಸಿ ಸಾರು ಹಾಕಿ ಬರಿಗೈಯಲ್ಲಿ ಹಿಡಿಯಲಾಗದು. ಎರಡು ಪದರದ್ದಾದರೆ ತೂಕ ಏರುತ್ತದೆ, ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಒಲೆಯ ಮೇಲೆ ಇಡುವಂತೆಯೂ ಇಲ್ಲ. ಯಾವ ಬಗೆಯದು ಕೊಡುತ್ತೀರಿ ಎಂದು ಕೇಳಿದೆ. ಅದಕ್ಕೆ ಉತ್ತರವೇ ಬರಲಿಲ್ಲ. ದೋಷವಿರುವ ವಸ್ತುವನ್ನು ಹಿಂಪಡೆಯಿರಿ ಎಂದವರಿಗೆ ದುಬಾರಿ ವಸ್ತು ಮಾರಲು ಹೊರಡುವುದು ಯಾವ ಬಗೆಯ ಪರಿಹಾರ?

ಕೊನೆಯದಾಗಿ ಅವರು ಹೇಳಿದ್ದು, ಒಮ್ಮೆ ಬಳಸಿದ ವಸ್ತುವನ್ನು ಹಿಂಪಡೆಯುವುದಿಲ್ಲ ಎಂದು. ಸಾರು ಹಾಕದೆ ಬಟ್ಟಲು ಕುಸಿಯುತ್ತದೆ ಎಂದು ತಿಳಿಯುವ ಬಗೆ ನನಗೆ ಗೊತ್ತಿಲ್ಲ. ನೀವು ಕೊಟ್ಟ ಬಿಲ್ಲಿನಲ್ಲಿ ಹಿಂಪಡೆಯುವ ಅವಧಿಯನ್ನು ನಮೂದಿಸಿಲ್ಲ. ಹಾಗೆ ನಮೂದಿಸದಿದ್ದಲ್ಲಿ ದೋಷವಿರುವ ಸರಕನ್ನು 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆ ಅವಧಿ ಇನ್ನೂ ಮುಗಿದಿಲ್ಲ. 2020ರ ಇ-ವಾಣಿಜ್ಯ ನಿಯಮಗಳಂತೆ ಈ ದೂರು ತಲುಪಿದ್ದನ್ನು ನೀವು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ಬಟ್ಟಲನ್ನು ನಿಮ್ಮ ಖರ್ಚಿನಲ್ಲಿಯೇ ಹಿಂಪಡೆದು, ಸಾಗಣೆ ವೆಚ್ಚವೂ ಸೇರಿ 979 ರೂಪಾಯಿಯನ್ನು ನಾನು ಪಾವತಿಸಿದ ಖಾತೆಗೇ ಹಿಂತಿರುಗಿಸಬೇಕು. ಕೂಪನ್ ಬೇಡ, ಮುಂದಿನ ಖರೀದಿಯಲ್ಲಿ ರಿಯಾಯಿತಿಯೂ ಬೇಡ. ಮಾರಾಟದ ಪುಟದಲ್ಲಿ ಬಳೆ, ಮುಚ್ಚಳ ಸೇರಿದ ಪೂರ್ತಿ ತೂಕವನ್ನೂ ಮುಚ್ಚಳ ಬಿಟ್ಟ ನಿಜವಾದ ಅಳತೆಯನ್ನೂ ಹಾಕಬೇಕು. ಬಳೆ ಯಾವ ಪ್ಲಾಸ್ಟಿಕ್ಕಿನದು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಅದರಲ್ಲಿ ಒಂದು ಊಟ ಮಾಡಿದ್ದೇನಾದ್ದರಿಂದ ಈ ಕೊನೆಯದನ್ನು ಮಾತ್ರ ಹಣ ಬಂದರೂ ಬಿಡುವುದಿಲ್ಲ.

ಒಂದು ತಿಂಗಳೊಳಗೆ ಇತ್ಯರ್ಥವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ನಂತರ ಇಲ್ಲಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕಚೇರಿ ಯಾವ ಊರಿನಲ್ಲಿದ್ದರೂ ನಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಕಾಯ್ದೆ ಅವಕಾಶ ಕೊಟ್ಟಿದೆ, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಬಟ್ಟಲನ್ನು ತೊಳೆದು ಅದರ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇನೆ. ಕೊರಿಯರ್‌ನವರನ್ನು ಸಂಜೆ ಐದರ ನಂತರ ಕಳುಹಿಸಿ, ಅಲ್ಲಿಯವರೆಗೆ ನಾನು ಕಾಲೇಜಿನಲ್ಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಬಿಲ್ಲಿನ ಪ್ರತಿ, ತಕ್ಕಡಿಯ ಮೇಲಿನ ಬಟ್ಟಲಿನ ಚಿತ್ರ, ಸೊಟ್ಟಗಾದ ಬಳೆಯ ಚಿತ್ರ, ನಿಮ್ಮ ಸಿಬ್ಬಂದಿಯ ಉತ್ತರಗಳ ಪ್ರತಿಗಳು.