ಬಾಡಿಗೆ ಮನೆಗೂ ಸೋಲಾರ್ ನೀರು ಬರಲಿ

ಮಾನ್ಯ ಸಂಪಾದಕರೇ,

ಇಂಗಾಲದ ಹೊರೆ ಇಳಿಸುವ ಮಾತು ಬಂದಾಗಲೆಲ್ಲ ಬಟ್ಟೆಯ ಚೀಲ, ಗಿಡ ನೆಡುವುದು, ಲೈಟು ಆರಿಸುವುದು ಎಂಬಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. ಬಚ್ಚಲುಮನೆಯ ಕಡೆ ಯಾರೂ ನೋಡುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ನೀರು ಕಾಯಿಸಲು ಗೀಸರ್‌ಗೆ ದಿನಕ್ಕೆ ಸುಮಾರು 2 ಯೂನಿಟ್ ಬೇಕು. 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟೇ ವಿದ್ಯುತ್ತಿನಲ್ಲಿ ಒಂಬತ್ತು ದಿನ ಹಗಲಿರುಳು ಉರಿಯುತ್ತದೆ. ದೇಶದ ಸರಾಸರಿ ಲೆಕ್ಕದಲ್ಲಿ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಮನೆಯ ಸ್ನಾನದಿಂದಲೇ ವರ್ಷಕ್ಕೆ ಅರ್ಧ ಟನ್ ಆಯಿತು.

ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆಯಲ್ಲ ಎನ್ನಬಹುದು. ಆದರೆ ನಾವು ಗೀಸರ್ ಹಾಕುವುದು ಬೆಳಿಗ್ಗೆ ಆರೇಳು ಗಂಟೆಗೆ. ಆಗ ಅಲ್ಲಿ ಇನ್ನೂ ಎಳೆಬಿಸಿಲು. ಆ ಹೊತ್ತಿನ ಬೇಡಿಕೆಗೆ ಶರಾವತಿಯ ನೀರು, ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲೇ ಹೆಗಲು ಕೊಡಬೇಕು. ಚಾವಣಿಯ ಸೋಲಾರ್ ಟ್ಯಾಂಕಿನಲ್ಲಿ ಮಾತ್ರ ನಿನ್ನೆಯ ಬಿಸಿಲು ಬಿಸಿನೀರಾಗಿ ಬೆಳಗಿನವರೆಗೂ ಉಳಿದಿರುತ್ತದೆ.

ಸೋಲಾರ್ ವಾಟರ್ ಹೀಟರ್ ವಿಷಯದಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ. ನಗರಗಳಲ್ಲಿ ನಿಗದಿತ ವಿಸ್ತೀರ್ಣ ಮೀರಿದ ಹೊಸ ಮನೆಗೆ ಅದು ಕಡ್ಡಾಯವಾಗಿ ವರ್ಷಗಳೇ ಆದವು. ಆದರೆ ಬಟ್ಟೆ ಒಣಹಾಕಲು ಚಾವಣಿಗೆ ಹೋದಾಗ ನನಗೆ ಕಾಣುವುದೇ ಬೇರೆ. ಒಂದು ಮನೆಯಲ್ಲಿ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ಇನ್ನೊಂದರಲ್ಲಿ ವಾಲ್ವಿನ ಸುತ್ತ ಬೋರ್‌ವೆಲ್ ನೀರಿನ ಉಪ್ಪು ಬಿಳಿಯಾಗಿ ಗಟ್ಟಿಕಟ್ಟಿದೆ. ಪಕ್ಕದಲ್ಲೇ, ಒಂದೇ ಒಂದು ಟ್ಯೂಬ್ ಒಡೆಯಿತೆಂದು ಇಡೀ ಸೋಲಾರನ್ನು ಬಂದ್ ಮಾಡಿಟ್ಟಿದ್ದಾರೆ. ಟ್ಯೂಬ್ ಬದಲಿಸುವ ಗೋಜೇ ಬೇಡವೆಂದು ಕೆಳಗೆ ಗೀಸರ್ ಕೂರಿಸುತ್ತಾರೆ.

ಇದಕ್ಕಿಂತ ನೋವಿನ ಸಂಗತಿ, ಸೋಲಾರ್ ಚೆನ್ನಾಗಿರುವ ಕಟ್ಟಡಗಳಲ್ಲೂ ಬಿಸಿನೀರು ಮಾಲೀಕರ ಮಹಡಿಗೇ ನಿಂತುಬಿಡುವುದು. ಬಾಡಿಗೆಯವರಿಗೆ ಗೀಸರ್ ಪಾಯಿಂಟ್ ಕೊಟ್ಟರೆ ಮುಗಿಯಿತು. ಕೇಳಿದರೆ ‘ಪೈಪು ಉದ್ದವಾಗುತ್ತದೆ, ಮೊದಲು ಬರೀ ತಣ್ಣೀರು ಬರುತ್ತದೆ’ ಎಂಬ ಉತ್ತರ. ಆ ತಣ್ಣೀರನ್ನು ಬಕೆಟಿಗೆ ಹಿಡಿದರೆ ಬಟ್ಟೆ ನೆನೆಸಲು, ನೆಲ ಒರೆಸಲು ಆಗುತ್ತದೆ. ಪೈಪಿಗೆ ಶಾಖ ಸೋರದಂತೆ ಹೊದಿಕೆ ಸುತ್ತಿಸಿದರೆ ಅದೂ ಕಡಿಮೆಯಾಗುತ್ತದೆ.

ಗೃಹಜ್ಯೋತಿಯನ್ನು ನಾನು ದೂರುವುದಿಲ್ಲ, ನಮ್ಮಂಥ ಕುಟುಂಬಗಳಿಗೆ ಅದರಿಂದ ನಿಜವಾಗಿಯೂ ಅನುಕೂಲವಾಗಿದೆ. ಆದರೆ ಬಿಲ್ ಸೊನ್ನೆ ಬಂದಾಗ ಗೀಸರ್ ಎಷ್ಟು ತಿಂದಿತೆಂದು ಯಾರೂ ನೋಡುವುದಿಲ್ಲ. ಹಾಗಾಗಿ ಈ ಕೆಲಸವನ್ನು ಜನರ ಲೆಕ್ಕಾಚಾರಕ್ಕೇ ಬಿಟ್ಟರೆ ಆಗದು. ವಿದ್ಯುತ್ ಸಂಪರ್ಕ ಕೊಡುವ ದಿನ ಸೋಲಾರ್ ಇದೆಯೇ ಎಂದು ನೋಡಿದರೆ ಸಾಲದು, ಅದು ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಪರಿಶೀಲಿಸಬೇಕು. ನಕ್ಷೆ ಮಂಜೂರು ಮಾಡುವಾಗಲೇ ಪ್ರತಿ ಮಹಡಿಗೂ ಬಿಸಿನೀರಿನ ಪೈಪು ಇರಬೇಕೆಂದು ಪಾಲಿಕೆಗಳು ಷರತ್ತು ಹಾಕಲಿ.

ಮನೆ ಮಾಲೀಕರಲ್ಲೂ ಒಂದು ವಿನಂತಿ. ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗುವವರು ಆ ವಾರವೇ ಸೋಲಾರ್ ಟ್ಯಾಂಕನ್ನೂ ತೊಳೆಸಿ, ಟ್ಯೂಬುಗಳನ್ನು ಒರೆಸಿಸಿ. ಕೆಳಗಿನ ಮನೆಗಳಿಗೆ ಪೈಪು ಎಳೆಸುವ ಖರ್ಚಿನಲ್ಲಿ ಪಾಲು ಕೊಡಲು ಸಿದ್ಧರಿರುವ ಬಾಡಿಗೆದಾರರಿದ್ದಾರೆ, ನಾನೂ ಅವರಲ್ಲಿ ಒಬ್ಬಳು.

– ಓದುಗರೊಬ್ಬರು, ಬೆಂಗಳೂರು