ನಿನ್ನ ಪ್ರಶ್ನೆಗಳೆಲ್ಲಿ ಪುಟ್ಟಿ?

ಸಾಗರ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ತುಮರಿ ಅಜ್ಜಿಯ ಸಂದರ್ಶನ ಓದಿದೆ, ಆಡಿಯೋನೂ ಕೇಳಿದೆ. ಬರಹದಲ್ಲಿ ನಿನ್ನ ಪ್ರಶ್ನೆಗಳೇ ಇಲ್ಲವಲ್ಲ? ಅಜ್ಜಿ ಗೋಡೆ ಜೊತೆ ಮಾತಾಡಿದ ಹಾಗಿದೆ. ಅಣೆಕಟ್ಟಿನ ನೀರಲ್ಲಿ ಊರು ಮುಳುಗಿದ ಮೇಲೆ ಹೊಸ ಜಾಗದಲ್ಲಿ ಕಾಡು ಸವರಿ ಗದ್ದೆ ಮಾಡಿದ್ದನ್ನು ಅವರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ನಡುವೆ ನೀನು "ಅಯ್ಯೋ ಪಾಪ" ಅಂದೆ. ಅಲ್ಲಿಂದ ಅವರ ದನಿಯೇ ಬದಲಾಯಿತು. ಗದ್ದೆಯ ಮಾತು ಅರ್ಧಕ್ಕೆ ನಿಂತು ಮುಳುಗಿದ ಮನೆಯ ಮಾತು ಬಂತು. ನಿನ್ನ "ಅಯ್ಯೋ ಪಾಪ" ಬರಹದಲ್ಲಿ ಇಲ್ಲದ್ದರಿಂದ ಓದುವವರಿಗೆ ಅವರು ಅಳುವ ಅಜ್ಜಿ, ಅಷ್ಟೇ. ಅದನ್ನು ವಾಪಸ್ ಸೇರಿಸು.

ಶರಾವತಿಗೆ ಕಟ್ಟಿದ ಆ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಮುಳುಗಡೆಯವರು ಅವತ್ತಿನಿಂದ ಸರ್ವೆಯವರಿಗೆ, ಕಂದಾಯದವರಿಗೆ, ಪೇಪರಿನವರಿಗೆ ತಮ್ಮ ಕಥೆ ಹೇಳುತ್ತಲೇ ಬಂದಿದ್ದಾರೆ. ಫೈಲು ಹಿಡಿದು ಬಂದವರ ಮುಂದೆ ಯಾವುದನ್ನು ಮೊದಲು ಹೇಳಬೇಕು ಅನ್ನೋದು ಅವರಿಗೆ ರೂಢಿ. ಹಾಗಂತ ಅದು ಸುಳ್ಳಲ್ಲ. ಜನ ಬೇರೆಯವರ ಎದುರು ನಟರ ಹಾಗೆ, ರಂಗದ ಮುಂದೆ ಒಂದು, ಹಿಂದೆ ಇನ್ನೊಂದು ಅಂತ ಸಮಾಜಶಾಸ್ತ್ರಜ್ಞ ಗಾಫ್‌ಮನ್‌ನನ್ನು ಮುಂದಿಟ್ಟು ನೀನು ಬರೆದಿದ್ದೀಯ. ಆದರೆ ಜಗಲಿಯ ಮಾತು ವೇಷ, ಅಡುಗೆಮನೆಯ ಮಾತು ನಿಜ ಅಂತ ತೀರ್ಮಾನ ಮಾಡಿಬಿಡಬೇಡ. ಅಡುಗೆಮನೆಯಲ್ಲಿ ಸೊಸೆ ಕೇಳಿಸಿಕೊಳ್ಳುತ್ತಿರುತ್ತಾಳೆ, ಅಲ್ವಾ? ಎರಡು ಕಡೆ ಮಾತಾಡಿದ್ದೂ ಅದೇ ಅಜ್ಜಿ. ಯಾರು ಎದುರಿಗಿದ್ದರು, ಮಗ ಒಳಗೆ ಬಂದಾಗ ಯಾವ ಮಾತು ನಿಂತಿತು, ಅದನ್ನು ಅವತ್ತೇ ರಾತ್ರಿ ಬರೆದಿಡು.

ತಾನು ಯಾರು ಅನ್ನೋದು ಮನುಷ್ಯನಿಗೆ ಬೇರೆಯವರ ಕಣ್ಣಿನಿಂದ ತಿಳಿಯುತ್ತೆ ಅಂತ ಅಮೆರಿಕದ ತತ್ವಶಾಸ್ತ್ರದ ಮೇಷ್ಟ್ರು ಜಾರ್ಜ್ ಹರ್ಬರ್ಟ್ ಮೀಡ್ ಪಾಠ ಮಾಡುತ್ತಿದ್ದ. ತಮಾಷೆ ನೋಡು, ಅವನು ತೀರಿಕೊಂಡಿದ್ದು 1931ರಲ್ಲಿ. ಆ ಪಾಠಗಳು ಪುಸ್ತಕವಾಗಿದ್ದು 1934ರಲ್ಲಿ, ಹೆಚ್ಚಾಗಿ ವಿದ್ಯಾರ್ಥಿಗಳ ನೋಟ್ಸಿನಿಂದ. ಅವನೂ ನಮಗೆ ಸಿಕ್ಕಿದ್ದು ಕೇಳಿಸಿಕೊಂಡವರ ಕೈಯಿಂದಲೇ.

ಇನ್ನೊಂದು ಸ್ವಲ್ಪ ಕಹಿ ಮಾತು. ನೀನು ರೆಕಾರ್ಡರ್ ಹಚ್ಚುವ ಮೊದಲೇ ಅವರು ನಿನ್ನ ಸಂದರ್ಶನ ಮುಗಿಸಿರುತ್ತಾರೆ. ಯಾವ ಊರು, ಯಾರ ಮಗಳು, ಯಾವ ಮನೆತನ. ನನ್ನಪ್ಪ, ಅಂದರೆ ನಿನ್ನಜ್ಜ, ಗೇಣಿ ವಸೂಲಿ ಮಾಡಿದವರು. 1951ರಲ್ಲಿ ಗೇಣಿದಾರರು ಒಡೆಯರ ವಿರುದ್ಧ ಎದ್ದುನಿಂತ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕು ಇದು. ಗೇಣಿ ಅಳೆದುಕೊಟ್ಟ ಮನೆಯವರು ನಿನ್ನೆದುರು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಬಗ್ಗೆ ಏನು ಹೇಳಿಯಾರು, ಏನು ನುಂಗಿಕೊಂಡಾರು? "ನಾನೂ ಇದೇ ಊರಿನ ಕಡೆಯವಳು, ಸುಲಭವಾಗಿ ಬೆರೆತೆ" ಅಂತ ಬರೆದಿದ್ದೀಯಲ್ಲ, ಆ ಸಾಲು ನನಗೆ ಹಿಡಿಸಲಿಲ್ಲ. ಅದನ್ನು ತೆಗೆದು ಗೇಣಿಯ ವಿಷಯ ಬರೆ. ನಿಮ್ಮಪ್ಪ ಬೇಜಾರು ಮಾಡಿಕೊಂಡರೆ ನಾನು ಮಾತಾಡ್ತೀನಿ. ಹಾಗಂತ ಪುಟಗಟ್ಟಲೆ ನಿನ್ನನ್ನೇ ತುಂಬಬೇಡ. ಅರ್ಧ ಪುಟ ಸಾಕು. ಈಚೆಗೆ ಕೆಲವರು ಅಜ್ಜಿಯರನ್ನು ಬಿಟ್ಟು ತಮ್ಮ ಬಗ್ಗೆಯೇ ಜಾಸ್ತಿ ಬರೆಯುತ್ತಾರೆ.

ಅಡಿಕೆ ಸುಲಿಯುವ ಕಾಲಕ್ಕೆ ಇನ್ನೊಮ್ಮೆ ಹೋಗು. ಈಗ ತುಮರಿಗೆ ಹೋಗಲು ಹಿನ್ನೀರಿನ ಮೇಲೆ ಸೇತುವೆ ಆಗಿದೆ, ಲಾಂಚ್ ಕಾಯಬೇಕಿಲ್ಲ. ಸುಮ್ನೆ ಕೂತು ನೀನೂ ನಾಲ್ಕು ಅಡಿಕೆ ಸುಲಿ. ರೆಕಾರ್ಡರ್ ಹಚ್ಚುವುದಾದರೆ ಅವರನ್ನು ಮತ್ತೆ ಕೇಳಿಯೇ ಹಚ್ಚು. ಹೋದ ಸಲ ಒಪ್ಪಿದ್ದು ಹೋದ ಸಲಕ್ಕೆ.

ನೋಟ್ಸಿನ ಇನ್ನೊಂದು ಪ್ರತಿ ಬೇರೆ ಕಡೆ ಇಡು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ತಾವು ಅಧ್ಯಯನ ಮಾಡಿದ ಹಳ್ಳಿ ರಾಮಪುರದ ಬಗ್ಗೆ ವರ್ಷಗಟ್ಟಲೆ ವಿಂಗಡಿಸಿಟ್ಟ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿದವು. ನಿನ್ನದೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿದೆ ಅಂತ ನಿಮ್ಮಮ್ಮ ಹೇಳಿದಳು.

ಇಂತಿ,
ನಿನ್ನ ಅತ್ತೆ